ನಂಜೇಗೌಡರ ಬಾಯಿಯನ್ನು ನೇರ ಮಾಡಿದ್ದು

ಕಿವಿಯನ್ನು ಮುಟ್ಟಬೇಡಿ. ಫೋಟೋ ತಿದ್ದುವ ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಏನಾದರೂ ಹೇಳಿ ಎಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಮೂಗು ಸಣ್ಣ ಮಾಡಿ, ಗಲ್ಲ ಚೂಪು ಮಾಡಿ, ಹೊಟ್ಟೆಯನ್ನು ಒಳಕ್ಕೆ ತಳ್ಳಿ; ಜನ ಖುಷಿಯಾಗಿ ಒಪ್ಪಿಕೊಂಡು ಹೋಗುತ್ತಾರೆ. ಕಿವಿ ಒಂದು ಕೂದಲೆಳೆಯಷ್ಟು ಆಚೀಚೆಯಾದರೆ ಮಾತ್ರ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು, "ಯಾಕೋ ನಮ್ಮೋರ ಥರ ಇಲ್ಲ ಮೇಡಂ" ಎನ್ನುತ್ತಾರೆ. ಏನು ಇಲ್ಲ ಎಂದು ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ. ಯಾಕೆ ಹೀಗೆ ಎಂಬುದು ನನಗೂ ಇವತ್ತಿನವರೆಗೆ ಗೊತ್ತಾಗಿಲ್ಲ, ಆನೆಸ್ಟಾಗಿ ಹೇಳುತ್ತೇನೆ.

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಗಫಾರ್ ಸಾಹೇಬರದ್ದೊಂದು ಫೋಟೋ ಸ್ಟುಡಿಯೊ ಇತ್ತು. ಅಲ್ಲಿ ನಾನು ಜನರ ಮುಖ ತಿದ್ದುತ್ತಿದ್ದೆ. ತೊಂಬತ್ತರ ದಶಕದ ಶುರುವಿನಲ್ಲಿ ಪೆನ್ಸಿಲ್ ಹಿಡಿದು ಕೂತವಳು, ಎದ್ದು ಬರುವಾಗ ಕೈಯಲ್ಲಿ ಮೌಸ್ ಇತ್ತು. ಪ್ರಮೋಷನ್ ಎಂದರೆ ಸ್ಟೂಲಿನಿಂದ ಕುರ್ಚಿಗೆ ಬಂದದ್ದು, ಅಷ್ಟೇ. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಹುಣಸೂರಿಗೆ ಬಂದೆ. ನಮ್ಮ ಯಜಮಾನರಿಗೆ ಮರದ ಡಿಪೋದಲ್ಲಿ ಕೆಲಸ. ಮನೆಯಲ್ಲಿ ಕೂತು ಕೂತು ಬೇಜಾರಾಗಿ ಒಂದು ದಿನ ಪಾಸ್‌ಪೋರ್ಟ್ ಸೈಜ್ ಫೋಟೋಗೆಂದು ಸ್ಟುಡಿಯೊಗೆ ಹೋದಾಗ ಸಾಹೇಬರು ನೆಗೆಟಿವ್ ಒಂದನ್ನು ದೀಪಕ್ಕೆ ಹಿಡಿದು, ಸೀಸದ ಕಡ್ಡಿಯಿಂದ ಯಾರದೋ ಮೊಡವೆ ಮುಚ್ಚುತ್ತಿದ್ದರು. ಕೈ ನಡುಗುತ್ತಿತ್ತು. "ಕೊಡಿ ಇಲ್ಲಿ" ಎಂದೆ. ನಮ್ಮ ಡ್ರಾಯಿಂಗ್ ಸಿಸ್ಟರ್ "ಚೈಲ್ಡ್, ಮೂಗು ಬರೀಬೇಡ, ಮೂಗಿನ ನೆರಳು ಬರಿ" ಎಂದು ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ವಿದ್ಯೆ ಅವತ್ತು ಕೈಗೆ ಬಂತು. ಸಾಹೇಬರು ನೆಗೆಟಿವ್ ನೋಡಿದರು, ನನ್ನನ್ನು ನೋಡಿದರು. "ಮೇಡಂ, ನಾಳೆಯಿಂದ ಬರ್ತೀರಾ?" ಎಂದರು. ನನ್ನ ಇಂಟರ್‌ವ್ಯೂ ಅಷ್ಟೇ.

ಈಗಿನವರು ಮುಖ ಎಳೆಯುವುದು, ಹಿಗ್ಗಿಸುವುದು ಎಲ್ಲ ಕಂಪ್ಯೂಟರ್ ಬಂದ ಮೇಲೆ ಶುರುವಾಯಿತು ಅಂದುಕೊಂಡಿದ್ದಾರೆ. ಇಲ್ಲ ಮಕ್ಕಳೇ. ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರ್ ಎಂಬ ಚಿತ್ರ ಹಿಗ್ಗಿಸುವ ದೀಪದ ಕೆಳಗೆ ಪೇಪರ್ ಇಡುವ ಹಲಗೆ ಇರುತ್ತದಲ್ಲ, ಅದರ ಒಂದು ತುದಿಗೆ ಬೆಂಕಿಪೊಟ್ಟಣ ಕೊಟ್ಟು ಎತ್ತಿದರೆ ಬೆಳಕು ಓರೆಯಾಗಿ ಬಿದ್ದು ಮುಖ ಉದ್ದವಾಗುತ್ತಿತ್ತು. ಲೆನ್ಸಿನ ಕಿಂಡಿಯನ್ನು ಸಣ್ಣ ಮಾಡಿ ಹೆಚ್ಚು ಹೊತ್ತು ಬೆಳಕು ಕೊಟ್ಟರೆ ಫೋಕಸ್ಸೂ ಕೆಡುತ್ತಿರಲಿಲ್ಲ. ದುಂಡು ಮುಖದವರೆಲ್ಲ ಸ್ಲಿಮ್ ಆಗಿ ಹೋಗುತ್ತಿದ್ದರು. ಕೌಂಟರಿನಲ್ಲಿ ಗಿರಾಕಿ ನಿಂತಿರುವಾಗಲೇ ಸಾಹೇಬರು ನನ್ನ ಕಡೆ ತಿರುಗಿ ಗಂಭೀರವಾಗಿ "ಮೇಡಂ, ಇದು ಡಬಲ್ ಮ್ಯಾಚ್‌ಬಾಕ್ಸ್" ಎನ್ನುವರು. ಗಿರಾಕಿ ಅದೇನೋ ದೊಡ್ಡ ಸೈಜಿನ ಹೆಸರಿರಬೇಕೆಂದು "ಅದೇ ಇರ್ಲಿ ಸ್ವಾಮಿ, ಒಳ್ಳೇದೇ ಇರ್ಲಿ" ಎಂದು ತಲೆಯಾಡಿಸುವನು. ನಾನು ನಗು ತಡೆಯಲಾರದೆ ಡಾರ್ಕ್‌ರೂಮಿನ ಪರದೆಯೊಳಗೆ ಓಡುತ್ತಿದ್ದೆ.

ತೊಂದರೆ ಏನೆಂದರೆ ಹಲಗೆ ಎತ್ತಿದರೆ ಮುಖವೊಂದೇ ಅಲ್ಲ, ಎಲ್ಲವೂ ಉದ್ದವಾಗುತ್ತಿತ್ತು. ಪಿರಿಯಾಪಟ್ಟಣದ ಒಬ್ಬ ಮದುಮಗಳ ಮುಖ ಚೆನ್ನಾಗಿ ಬಂತು, ಕತ್ತು ಮಾತ್ರ ಕೊಕ್ಕರೆಯದಾಗಿತ್ತು. ಅವರ ಅತ್ತೆ ಫೋಟೋ ನೋಡಿ, "ನಮ್ ಮನೆ ಬಾಗ್ಲು ಗಿಡ್ಡ ಕಣ್ರೀ, ಈ ಸೊಸೆ ಒಳೀಕ್ ಬರಾದೆಂಗೆ?" ಎಂದು ಕೇಳಿಬಿಟ್ಟರು.

ಆಮೇಲೆ ಕಂಪ್ಯೂಟರ್ ಬಂತು. ಮೈಸೂರಿನಿಂದ ಒಬ್ಬ ಹುಡುಗ ಬಂದು ಫೋಟೋಶಾಪ್ ಹಾಕಿಕೊಟ್ಟು, ಅರ್ಧ ದಿನ ಕೂತು ತೋರಿಸಿ, "ಉಳಿದದ್ದು ನೀವೇ ನೋಡ್ಕೊಳ್ಳಿ ಆಂಟಿ" ಎಂದು ಬಸ್ಸು ಹತ್ತಿದ. ಮೆನುಗಳೆಲ್ಲ ಇಂಗ್ಲಿಷಿನಲ್ಲಿದ್ದದ್ದರಿಂದ ಸಾಹೇಬರು ಕುರ್ಚಿಯನ್ನು ನನ್ನ ಕಡೆ ತಳ್ಳಿದರು. "ನಿಮ್ಮ ಸಿಸ್ಟರ್‌ಗಳು ಇದಕ್ಕೇ ನಿಮ್ಮನ್ನು ಓದ್ಸಿದ್ದು" ಎಂದರು. ಆ ಪಾಪದ ಸಿಸ್ಟರ್‌ಗಳು ನನ್ನನ್ನು ಟೀಚರ್ ಮಾಡಲು ಓದಿಸಿದ್ದರು.

ಮೊದಮೊದಲು ನನಗೆ ಸಿಕ್ಕಿದ್ದು ಚಿತ್ರವನ್ನು ನಡುವಿನಿಂದ ಚಿವುಟಿದ ಹಾಗೆ ಒಳಕ್ಕೆ ಸೆಳೆಯುವ ಒಂದು ಫಿಲ್ಟರ್. ಹೊಗೆಸೊಪ್ಪಿನ ವ್ಯಾಪಾರದ ರಾಜಣ್ಣನವರೆಂಬ ಭಾರೀ ಆಸಾಮಿ ನಮ್ಮ ಸ್ಟುಡಿಯೊದ ಬಣ್ಣ ಬಳಿದ ಪರದೆಯ ಮುಂದೆ ನಿಂತು ಫೋಟೋ ತೆಗೆಸಿದ್ದರು. ಪರದೆಯಲ್ಲಿ ಅರಮನೆಯಂಥ ಕಂಬಗಳು. ನಾನು ಹೊಟ್ಟೆಯ ಸುತ್ತ ಗೆರೆ ಎಳೆದು, ಆ ಫಿಲ್ಟರ್ ಹಾಕಿದೆ. ಹೊಟ್ಟೆ ಮ್ಯಾಜಿಕ್ಕಿನಂತೆ ಒಳಗೆ ಹೋಯಿತು. ಐ ವಾಸ್ ಸೋ ಪ್ರೌಡ್! ಪ್ರಿಂಟ್ ಹಾಕಿಸಿ ಕೈಗಿತ್ತೆ. ರಾಜಣ್ಣನವರು ತುಂಬ ಹೊತ್ತು ನೋಡಿ, "ಮೇಡಮ್ಮೋರೇ, ನನ್ ಹೊಟ್ಟೆ ಕರಗ್ತು, ಸರಿ. ನಿಮ್ ಅರಮನೆ ಕಂಬ ಯಾಕೆ ಬಸ್ರಿ ಥರ ಬಾಗ್ಕೊಂಡವೆ?" ಎಂದರು. ನೋಡಿದರೆ ಎರಡೂ ಪಕ್ಕದ ಕಂಬಗಳು ಅವರ ಸೊಂಟದ ಕಡೆಗೆ ಬಾಗಿ ನಿಂತಿವೆ. ಅಂದಿನಿಂದ ಕಲಿತದ್ದು: ಮನುಷ್ಯನನ್ನು ಎಳೆಯುವ ಮುಂಚೆ ಅವನ ಹಿಂದೆ ಏನಿದೆ ಎಂದು ನೋಡಬೇಕು. ಬಾಗಿಲು, ಕಂಬ, ಸೀರೆಯ ಗೀಟು, ಇಟ್ಟಿಗೆ ಗೋಡೆ, ಇವೆಲ್ಲ ನಿಮ್ಮ ಮೇಲೆ ಚಾಡಿ ಹೇಳುತ್ತವೆ.

ಸ್ವಲ್ಪ ವರ್ಷಗಳಲ್ಲಿ ಹೊಸ ಫೋಟೋಶಾಪ್ ಬಂತು. ಅದರಲ್ಲಿ ಲಿಕ್ವಿಫೈ ಎಂಬ ಬೇರೆಯದೇ ಕೋಣೆ. ಮೈ ಗಾಡ್, ಅದನ್ನು ಮೊದಲ ಸಲ ತೆರೆದ ದಿನ ನಾನು ಊಟಕ್ಕೆ ಮನೆಗೆ ಹೋಗಲಿಲ್ಲ. ಇಡೀ ಚಿತ್ರ ಹಸಿ ರಾಗಿ ಹಿಟ್ಟಿನ ಹಾಗೆ ಆಗಿಬಿಡುತ್ತದೆ. ಒಂದು ಬ್ರಷ್ಷು ತಳ್ಳಿದತ್ತ ಸರಿಯುತ್ತದೆ, ಇನ್ನೊಂದು ಮುಟ್ಟಿದಲ್ಲಿ ಉಬ್ಬಿಸುತ್ತದೆ, ಮತ್ತೊಂದು ಮುದುಡಿಸುತ್ತದೆ. ಮುಟ್ಟಬಾರದ ಜಾಗಕ್ಕೆ ಕೆಂಪು ಬಳಿದರೆ ಅದು ಕಲ್ಲಿನಂತೆ ನಿಲ್ಲುತ್ತದೆ, ಸುತ್ತ ಏನೇ ಎಳೆದರೂ ಜಗ್ಗುವುದಿಲ್ಲ. ಇದಕ್ಕಿಂತ ದೊಡ್ಡ ಉಪಕಾರವೆಂದರೆ ಎಳೆದದ್ದನ್ನು ವಾಪಸ್ ತರುವ ಒಂದು ಬ್ರಷ್ಷು. ಅದನ್ನು ಆಡಿಸಿದ ಕಡೆಯಲ್ಲೆಲ್ಲ ಚಿತ್ರ ಸ್ವಲ್ಪ ಸ್ವಲ್ಪವಾಗಿ ಮೊದಲಿನ ಆಕಾರಕ್ಕೆ ಮರಳುತ್ತದೆ. ಕಂಪ್ಯೂಟರಿಗೆ ಅಷ್ಟು ಶಕ್ತಿ ಇರಲಿಲ್ಲ. ಒಂದು ಸಲ ಎಳೆದರೆ ಮರಳು ಗಡಿಯಾರದ ಗುರುತು ತಿರುಗುತ್ತಾ ಕೂರುವುದು. ಅಷ್ಟರಲ್ಲಿ ಕರೆಂಟ್ ಹೋಗದಿದ್ದರೆ ನಮ್ಮ ಪುಣ್ಯ.

ಹೆಚ್.ಡಿ. ಕೋಟೆ ಕಡೆಯ ಒಬ್ಬ ರೈತ ತನ್ನ ಜೋಡಿ ಎತ್ತಿನ ಫೋಟೋ ತಂದ. ಎಡಗಡೆ ಎತ್ತಿನ ಕೊಂಬು ಹೊರಕ್ಕೆ ವಾಲಿತ್ತು. ಬಲಗಡೆಯದರ ಹಾಗೆ ನೆಟ್ಟಗೆ ಮಾಡಿ, ಗೋಡೆಗೆ ಹಾಕ್ತೀನಿ ಎಂದ. ಹಿಂದೆ ಬರೀ ಆಕಾಶ, ಕಂಬ ಗಿಂಬ ಏನೂ ಇಲ್ಲ; ನನಗೆ ಹಬ್ಬ. ಎತ್ತಿನ ತಲೆಗೆ ಕೆಂಪು ಬಳಿದು, ಕೊಂಬನ್ನು ಮಾತ್ರ ನಿಧಾನವಾಗಿ ಒಳಕ್ಕೆ ತಂದೆ. ಬಲು ಚೆನ್ನಾಗಿ ಬಂತು. ಸ್ವಲ್ಪ ದಿನ ಬಿಟ್ಟು ಅದೇ ಮನುಷ್ಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಫೋಟೋ ಹೇಗಿದೆ ಎಂದರೆ, "ಫೋಟೋ ಚೆನ್ನಾಗದೆ ಕಣಮ್ಮ. ಆದ್ರೆ ಈಗ ಕೊಟ್ಗೆಗೋಗಿ ಆ ನನ್ಮಗಂದ್ನ ನೋಡುದ್ರೆ ಬೇಜಾರಾಯ್ತದೆ" ಎಂದ. ಸಾಹೇಬರಿಗೆ ಹೇಳಿ ಇಬ್ಬರೂ ನಕ್ಕೆವು.

ಈಗ ನಂಜೇಗೌಡರ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ.

ಸಾಲಿಗ್ರಾಮದ ಹತ್ತಿರದ ಹಳ್ಳಿಯವರು, ಕಾಲುವೆ ಪಕ್ಕ ಗದ್ದೆ. ಮಗಳು ಸವಿತಳಿಗೆ ಪಿರಿಯಾಪಟ್ಟಣ ಕಡೆಯ ಗಂಡು. ಎರಡೂ ಕಡೆಯವರಿಗೆ ಅನುಕೂಲವಾಗಲೆಂದು ಮದುವೆ ನಮ್ಮ ಹುಣಸೂರಿನ ಛತ್ರದಲ್ಲಿ. ಫೋಟೋ ನಮ್ಮದು. ಮದುವೆಗೆ ಕೆಲವು ದಿನ ಮುಂಚೆ ಸವಿತ ತನ್ನ ಅಪ್ಪನನ್ನು ಕರೆದುಕೊಂಡು ಸ್ಟುಡಿಯೊಗೆ ಬಂದಳು. ಕರೆದುಕೊಂಡು ಏನು, ಕೈ ಹಿಡಿದು ಎಳೆದುಕೊಂಡೇ ಬಂದಳು. ಗೌಡರು ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದಿದ್ದರು.

"ಮೇಡಂ, ನಮ್ಮಪ್ಪ ಧಾರೆಗೆ ನಿಲ್ಲಲ್ಲ ಅಂತವ್ರೆ. ನಮ್ ಮಾವನ ಕೈಲಿ ಧಾರೆ ಎರೆಸ್ತಾರಂತೆ. ನೀವಾದ್ರೂ ಹೇಳಿ."

"ಯಾಕೆ ಗೌಡರೇ?" ಎಂದೆ.

ಅವರು ಟವೆಲ್ಲು ಇಳಿಸಿದರು. ಬಾಯಿ ಪೂರ್ತಿ ಎಡಕ್ಕೆ ಎಳೆದುಕೊಂಡಿತ್ತು. ಬಲಗೆನ್ನೆ ಜೋತುಬಿದ್ದಿತ್ತು. ಮುಖದ ಲಕ್ವ. ಶಿವರಾತ್ರಿಯ ಹಿಂದುಮುಂದು ಒಂದು ಬೆಳಗ್ಗೆ ಬಾಯಿ ಮುಕ್ಕಳಿಸಲು ಹೋದಾಗ ನೀರೆಲ್ಲ ಒಂದು ಮೂಲೆಯಿಂದ ತಾನಾಗಿ ಸುರಿದುಹೋಯಿತಂತೆ. ಮೈಸೂರಿನ ಡಾಕ್ಟರು ಮಾತ್ರೆ ಕೊಟ್ಟು, ನಿಧಾನವಾಗಿ ಸರಿ ಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದರು.

"ಇನ್ನೂರು ಜನ ನೋಡ್ತರೆ ಅನ್ನದು ಬುಡಿ ಮೇಡಮ್ಮೋರೆ, ನೋಡ್ಕಂಡು ಉಂಡ್ಕಂಡು ಓಯ್ತರೆ. ಫೋಟೋ ಓಯ್ತದಾ? ಮಗ್ಳು ಅತ್ತೆ ಮನೇಲಿ ಮಡಿಕ್ಕಂಡು ಬಂದೋರ್ಗೆಲ್ಲಾ ತೋರಿಸ್ಬೇಕು. ಸೊಟ್ ಬಾಯ್ನೋನು ಇವ್ಳಪ್ಪ ಅಂತ ಅವ್ರೆಲ್ಲಾ ಅನ್ಬೇಕಾ?"

"ಅನ್ಲಿ ಬುಡಪ್ಪೋ!" ಎಂದಳು ಸವಿತ. ಕಣ್ಣಲ್ಲಿ ನೀರು ತುಂಬಿತ್ತು, ದನಿಯಲ್ಲಿ ಮಾತ್ರ ಜಗಳ. "ನೀನು ನಿಲ್ದಿದ್ರೆ ನಂಗೆ ಫೋಟೋನೇ ಬ್ಯಾಡ. ಆಲ್ಬಮ್ಮೂ ಬ್ಯಾಡ, ವೀಡಿಯೋನೂ ಬ್ಯಾಡ."

ವೀಡಿಯೋ ಬೇಡ ಎಂದ ಕೂಡಲೇ ಸಾಹೇಬರು ಕೌಂಟರಿನಿಂದ ಎದ್ದು ಬಂದರು. "ಅರೆ, ಗೌಡ್ರೇ, ಇಷ್ಟಕ್ಕೆಲ್ಲ ಚಿಂತೆ ಯಾಕೆ? ನೀವು ಆರಾಮಾಗಿ ನಿಂತ್ಕೊಳ್ಳಿ. ಬಾಯಿ ವಿಷಯ ನಮಗೆ ಬಿಡಿ. ನಮ್ಮ ಮೇಡಂ ಕಂಪ್ಯೂಟರಲ್ಲಿ ಎತ್ತಿನ ಕೊಂಬೇ ನೆಟ್ಟಗೆ ಮಾಡಿದ್ದಾರೆ!"

ಗೌಡರು ನನ್ನ ಕಡೆ ನೋಡಿದರು. "ಆಯ್ತದಾ ಅವ್ವ?"

"ಆಗುತ್ತೆ" ಎಂದೆ. ಆಗುವುದು ನಿಜವೇ. ಆವತ್ತು ಅವರಿಗೆ ಬೇಕಾಗಿದ್ದದ್ದು ಆ ಒಂದು ಮಾತು. ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಹೋದರು.

ಧಾರೆಯ ದಿನ ನಾನು ಛತ್ರಕ್ಕೆ ಹೋಗಿರಲಿಲ್ಲ, ಸಾಹೇಬರು ಮಾತ್ರ ಹೋಗಿದ್ದರು. ಫಿಲ್ಮ್ ತೊಳೆಸಿ, ಪ್ರಿಂಟ್ ಹಾಕಿಸಿ, ಸ್ಕ್ಯಾನ್ ಮಾಡಿ ನನ್ನ ಮುಂದೆ ಇಟ್ಟಾಗಲೇ ನೋಡಿದ್ದು. ಗಂಡು ಹೆಣ್ಣಿನ ಕೈ ಮೇಲೆ ಗೌಡರೂ ಅವರ ಹೆಂಡತಿಯೂ ಕಳಶದಿಂದ ಹಾಲು ನೀರು ಬಿಡುತ್ತಿರುವ ಚಿತ್ರವೇ ಮುಖ್ಯವಾದದ್ದು. ಬಾಯಿಯ ಎಡ ಮೂಲೆ ಕೆನ್ನೆಯ ಮೇಲಕ್ಕೆ ಹತ್ತಿತ್ತು, ಬಲ ಮೂಲೆ ಕೆಳಕ್ಕೆ ಬಿದ್ದಿತ್ತು. ಸ್ಟುಡಿಯೊದಲ್ಲಿ ನೋಡಿದ್ದಕ್ಕಿಂತ ಹೆಚ್ಚೇ ಸೊಟ್ಟ. ಕಾಯಿಲೆ ಜಾಸ್ತಿಯಾಗಿದೆಯೇನೋ ಪಾಪ ಎಂದುಕೊಂಡೆ.

ಮೊದಲು ಸುಲಭದ ದಾರಿ ಹಿಡಿದೆ. ಒಳ್ಳೆಯ ಅರ್ಧ ಮುಖವನ್ನು ಕಾಪಿ ಮಾಡಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಇನ್ನೊಂದು ಪಕ್ಕಕ್ಕೆ ಅಂಟಿಸಿದೆ. ಚನ್ನಪಟ್ಟಣದ ಗೊಂಬೆ ಕೂತ ಹಾಗೆ ಕಂಡಿತು. ಯಾವ ಮನುಷ್ಯನ ಎರಡು ಪಕ್ಕವೂ ಒಂದೇ ಥರ ಇರುವುದಿಲ್ಲ, ಇದನ್ನು ನೀವೆಲ್ಲ ಬರೆದಿಟ್ಟುಕೊಳ್ಳಿ. ಅದನ್ನು ಅಳಿಸಿ ಲಿಕ್ವಿಫೈಗೆ ಹೋದೆ. ಮೂಗಿಗೆ, ಮೀಸೆಗೆ, ಬಲಗಣ್ಣಿಗೆ ಕೆಂಪು ಬಳಿದೆ. ಈಗ ಎರಡು ದಾರಿ. ಬಿದ್ದ ಮೂಲೆಯನ್ನು ಮೇಲಕ್ಕೆ ಎತ್ತಬೇಕು; ಇಲ್ಲವೆ ಎದ್ದ ಮೂಲೆಯನ್ನು ಕೆಳಕ್ಕೆ ತರಬೇಕು. ಎತ್ತುವುದು ಕಷ್ಟದ ಕೆಲಸ: ಬಾಯಿ ಎತ್ತಿದರೆ ಕೆನ್ನೆ ಉಬ್ಬಬೇಕು, ಕೆನ್ನೆ ಉಬ್ಬಿದರೆ ಕಣ್ಣಡಿ ಸುಕ್ಕು ಬರಬೇಕು, ಒಂದಕ್ಕೊಂದು ಸೇರಿಕೊಂಡಿವೆ. ಇಳಿಸುವುದು ಸಲೀಸು. ಏರಿದ್ದ ಮೂಲೆಯನ್ನು ಇಷ್ಟಿಷ್ಟೇ ಇಳಿಸಿ, ಬಿದ್ದದ್ದರ ಮಟ್ಟಕ್ಕೆ ತಂದು ನಿಲ್ಲಿಸಿದೆ. ಅದರ ಜೊತೆಗೆ ಉಬ್ಬಿದ್ದ ಕೆನ್ನೆಯೂ ಕಣ್ಣಡಿಯ ಸುಕ್ಕೂ ತಗ್ಗಿ, ತುಟಿ ಗೀಟು ಎಳೆದ ಹಾಗೆ ನೇರವಾಯಿತು. ಆಲ್ಬಮ್ಮಿನಲ್ಲಿ ಅವರಿದ್ದ ಒಂದೊಂದು ಫೋಟೋಗೂ ಹೀಗೇ ಮಾಡಿದೆ. ಎಷ್ಟೆಷ್ಟು ಎಳೆದಿದ್ದೇನೆ ಎಂಬುದನ್ನು ಮಾತ್ರ ಬೇರೆ ಫೈಲಿನಲ್ಲಿ ಉಳಿಸಿಡಲು ಬರುತ್ತಿತ್ತು, ಅದನ್ನೂ ಉಳಿಸಿಟ್ಟೆ. ಸಾಹೇಬರು ಭೂತಗನ್ನಡಿ ಹಿಡಿದು ನೋಡಿ "ಮಾಷಾ ಅಲ್ಲಾಹ್" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಆಷಾಢಕ್ಕೆ ಸವಿತ ತವರಿಗೆ ಬಂದಳು, ಆಲ್ಬಮ್ ಅವಳ ಜೊತೆ ಊರಿಗೆ ಹೋಯಿತು. ಆಷಾಢದಲ್ಲಿ ಹೊಸ ಮದುವೆಯ ಹುಡುಗಿ ಬಂದಿದ್ದಾಳೆಂದರೆ ಬೀದಿಯ ಹೆಂಗಸರೆಲ್ಲ ಆಲ್ಬಮ್ ನೋಡಲು ಜಗಲಿಯಲ್ಲಿ ಕೂರುತ್ತಾರೆ; ಅದು ಇಲ್ಲಿ ನಡೆದುಬಂದದ್ದು. ಒಬ್ಬೊಬ್ಬರ ಸೀರೆ, ಒಡವೆ, ಯಾರು ಯಾರ ಪಕ್ಕ ನಿಂತಿದ್ದಾರೆ, ಎಲ್ಲದರ ವಿಚಾರಣೆ ಆಗುತ್ತದೆ.

ಒಂದು ಬೆಳಗ್ಗೆ ಸ್ಟುಡಿಯೊದ ಮೆಟ್ಟಿಲ ಮೇಲೆ ಕೊಡೆಯನ್ನು ಕುಟ್ಟಿದ ಸದ್ದು. ತಲೆ ಎತ್ತಿ ನೋಡಿದೆ. ಬಾಗಿಲಲ್ಲಿ ನಂಜೇಗೌಡರು ನಿಂತಿದ್ದಾರೆ, ಬಾಯಿ ಗೀಟು ಎಳೆದ ಹಾಗೆ ನೇರ! ಕಾಯಿಲೆ ವಾಸಿಯಾಯಿತೆಂದು ಸಂತೋಷದಿಂದ "ಬನ್ನಿ ಗೌಡರೇ" ಎಂದು ಎದ್ದೆ.

"ಯಾರವ್ವ ಇಲ್ಲಿ ಫೋಟೋ ಮಾಡೋರು?" ದನಿ ಬೇರೆ. ಕೂದಲೂ ಪೂರ್ತಿ ಬಿಳಿ.

"ನಾನೇ. ತಾವು..."

"ನಾನು ಮರೀಗೌಡ. ಭೇರ್ಯದ ತಾವ. ಸಾಲಿಗ್ರಾಮದ ನಂಜ ಅವ್ನಲ್ಲ, ಅವ್ನ ಅಣ್ಣ. ನಾನು ಓಗಿಲ್ದಿರೋ ಮದ್ವೇಲಿ ನನ್ ಕೈಲಿ ಧಾರೆ ಉಯ್ಸಿದ್ದೀರಂತಲ್ಲ, ಯಾರ್ ಕೇಳಿ ಉಯ್ಸುದ್ರಿ?"

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. ಅಣ್ಣ ತಮ್ಮ ಇಬ್ಬರೂ ಕಾಲುವೆ ನೀರಿನ ಸರದಿಗೆ ಜಗಳವಾಡಿ, ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಅಣ್ಣ ಮದುವೆಗೆ ಬಂದಿರಲಿಲ್ಲ. ಆಲ್ಬಮ್ ನೋಡಿದ ಹೆಂಗಸರು ಧಾರೆಯ ಫೋಟೋದಲ್ಲಿ ಬಿಗಿದ ತುಟಿಯ ಗೌಡರನ್ನು ಕಂಡು, "ಅಯ್ಯೋ, ಮರೀಗೌಡ್ರು! ತಮ್ಮನ್ ಬಾಯಿ ಇಂಗಾಯ್ತು ಅಂತ ದೊಡ್ಡಪ್ಪನೇ ಬಂದು ಧಾರೆ ಎರೆದ್ರಾ?" ಎಂದು, ಸವಿತ ಅಲ್ಲ ಅಲ್ಲ ಎಂದರೂ ಕೇಳದೆ ಬಾಯಿಂದ ಬಾಯಿಗೆ ದಾಟಿಸಿ, ಸುದ್ದಿ ಭೇರ್ಯ ಮುಟ್ಟಿತ್ತು.

"ಊರಲ್ಲಿ ತಲೆ ಎತ್ಕಂಡು ಓಡಾಡಂಗಿಲ್ಲ ಕಣವ್ವ! 'ಗೌಡ್ರೇ, ಕೊನ್ಗೂ ತಮ್ಮನ್ ಮನೆ ಪಾಯಸ ಉಂಡ್ರಲ್ಲ, ನಮ್ಗೊಂದ್ ಮಾತು ಯೋಳ್ದೆ' ಅಂತರೆ. ನಾನು ಒಂದು ಹಪ್ಪಳಾನೂ ಮುರ್ದಿಲ್ಲ ಅಲ್ಲಿ!"

ಸಾಹೇಬರು "ಮೇಡಂ, ಫಿಲ್ಮ್ ರೋಲ್ ಮುಗಿದಿದೆ, ತಂದ್ಬಿಡ್ತೀನಿ" ಎಂದು ಹಿಂದಿನ ಬಾಗಿಲಿಂದ ಮಾಯವಾದರು. ಕಪಾಟಿನ ತುಂಬ ರೋಲ್ ಇತ್ತು.

ನಾನು ಮರೀಗೌಡರನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. "ಇದು ನೀವಲ್ಲ ಗೌಡರೇ. ನಿಮ್ಮ ತಮ್ಮನೇ. ನಾನು ಬಾಯಿ ನೇರ ಮಾಡಿದ್ದು ಅಷ್ಟೇ. ನೋಡಿ, ಮೊದಲು ಹೀಗಿತ್ತು" ಎಂದು ಮೂಲ ಫೋಟೋ ತೆರೆದೆ.

ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಮೂಗು ಸ್ಕ್ರೀನಿಗೆ ತಾಗುವಷ್ಟು ಬಗ್ಗಿದರು.

"ಬಾಯಿ ಇಂಗಾಗದೆ ಅಂದಿದ್ರು. ಇಷ್ಟಾಗದೆ ಅಂತ ಯಾರೂ ಯೋಳ್ನಿಲ್ಲ" ಎಂದರು. ಮತ್ತೆ ಸ್ಕ್ರೀನಿನ ಮೇಲೆ ಬೆರಳಿಟ್ಟು, "ನಗ್ತಾವ್ನೆ ನನ್ಮಗ."

"ಏನಂದಿರಿ?"

"ನಗ್ತಾವ್ನೆ ಕಣವ್ವ, ಕಾಣಾಕಿಲ್ವಾ? ಚಿಕ್ ಉಡ್ಗ ಆಗಿದ್ದಾಗ್ಲಿಂದ ಅವ್ನು ನಗೋದು ಇಂಗೇಯ, ಕಣ್ಣೆಲ್ಲಾ ಮುಚ್ಕಂಡು. ನಿಮ್ ನೇರ ಬಾಯಲ್ಲಿ ನಗಾನೇ ಇಲ್ಲ. ಅದ್ಕೇ ನಾನಿದ್ದಂಗೆ ಕಂಡಿರಾದು ಹೆಂಗಸ್ರಿಗೆ." ಕೊಡೆ ಎತ್ತಿಕೊಂಡು ಎದ್ದರು. "ನಾನ್ಯಾವತ್ ನಕ್ಕಿದ್ದೆ?"

ಬೈಯಲು ಬಂದವರು ಬೈಯುವುದನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲಿಳಿದರು. ನಾನು ಸ್ಕ್ರೀನಿನ ಮುಂದೆ ಕೂತೆ. ಕಾಯಿಲೆ ಜಾಸ್ತಿಯಾಗಿದೆ ಎಂದುಕೊಂಡಿದ್ದೆನಲ್ಲ, ಅದು ಕಾಯಿಲೆಯಾಗಿರಲಿಲ್ಲ. ಸತ್ತ ಪಕ್ಕ ಅಲುಗದೆ, ಬದುಕಿದ್ದ ಪಕ್ಕ ಇಡೀ ಮುಖದ ನಗುವನ್ನು ಒಬ್ಬಂಟಿಯಾಗಿ ಎತ್ತಿ ಹಿಡಿದಿತ್ತು. ಹೆಚ್ಚು ನಕ್ಕಷ್ಟೂ ಹೆಚ್ಚು ಸೊಟ್ಟ. ನಾನು ಸಲೀಸೆಂದು ಇಳಿಸಿದ್ದು ಆ ಮೂಲೆಯನ್ನೇ.

ಆ ವಾರವೇ ನಂಜೇಗೌಡರು ಬಂದರು, ಮಗಳೂ ಜೊತೆಗಿದ್ದಳು. ಆಲ್ಬಮ್ಮನ್ನು ಕೌಂಟರಿನ ಮೇಲೆ ಇಟ್ಟು, "ಮೇಡಮ್ಮೋರೆ, ನನ್ ಬಾಯ್ನ ನಂಗೆ ವಾಪಸ್ ಕೊಟ್ಬುಡಿ" ಎಂದರು.

"ಯಾಕೆ, ಚೆನ್ನಾಗಿ ಬಂದಿಲ್ವಾ?" ಎಂದೆ, ಗೊತ್ತಿದ್ದೂ.

"ಚೆನ್ನಾಗೇನೋ ಅದೆ. ಊರೆಲ್ಲಾ ನಮ್ಮಣ್ಣನೇ ಧಾರೆ ಎರೆದ ಅಂತದೆ. ನನ್ ಮಗ್ಳಿಗೆ ನಾನು ಧಾರೆ ಎರ್ದು, ಆ ಪುಣ್ಯ ಅವ್ನಿಗೋಗಾದಾ? ಸೊಟ್ಗಿದ್ರೆ ಸೊಟ್ಗಿರ್ಲಿ."

"ನಾನು ಅವತ್ತೇ ಬಡ್ಕಂಡೆ" ಎಂದಳು ಸವಿತ.

ಮೂಲ ಫೋಟೋ ಹಾಗೇ ಇತ್ತು, ಅದನ್ನೇ ಪ್ರಿಂಟ್ ಹಾಕಿಸಿದರೆ ಮುಗಿಯುತ್ತಿತ್ತು. ಆದರೆ ಅದನ್ನು ದಿಢೀರೆಂದು ಅವರ ಮುಂದೆ ಇಡಲು ಮನಸ್ಸು ಬರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡೆ. ಉಳಿಸಿಟ್ಟಿದ್ದ ಎಳೆದಾಟದ ಫೈಲನ್ನು ಮೂಲದ ಮೇಲೆ ಹಾಕಿದೆ, ಬಾಯಿ ನೇರವಾಯಿತು. ವಾಪಸ್ ತರುವ ಬ್ರಷ್ಷು ಹಿಡಿದೆ. "ಎಲ್ಲಿ ಸಾಕು ಅನ್ನಿಸುತ್ತೋ ಅಲ್ಲಿ ಹೇಳಿ, ನಿಲ್ಲಿಸ್ತೀನಿ. ಪೂರ್ತಿ ಸೊಟ್ಟ ಬೇಡ ಅಂದ್ರೆ ಅರ್ಧಕ್ಕೇ ಬಿಡೋಣ" ಎಂದೆ.

ತುಟಿಯ ಎಡ ಮೂಲೆಯ ಮೇಲೆ ಒಂದು ಸಲ ಆಡಿಸಿದೆ. ಮರಳು ಗಡಿಯಾರ ತಿರುಗಿತು. ಮೂಲೆ ಒಂದು ಚೂರು ಎದ್ದಿತು.

"ಇದು ಇನ್ನೂ ಅವ್ನೇಯ" ಎಂದರು ಗೌಡರು.

ಇನ್ನೊಂದು ಸಲ. ಕೆನ್ನೆ ಮೆಲ್ಲಗೆ ಉಬ್ಬಿತು.

"ಈಗ ವಸಿ ನಮ್ಮಪ್ಪ ಇದ್ದಂಗವ್ನೆ. ಓಗ್ಲಿ, ಇನ್ನೂ ಬುಡಿ."

ಮತ್ತೊಂದು ಸಲ. ಕಣ್ಣಡಿಯ ಸುಕ್ಕುಗಳು ಒಂದೊಂದಾಗಿ ಬಂದವು. ಗೌಡರು ಸ್ಕ್ರೀನಿನ ಕಡೆ ಬಗ್ಗಿದರು. ನಾನು ಬ್ರಷ್ಷನ್ನು ಆಡಿಸುತ್ತಲೇ ಇದ್ದೆ, ಅವರು ಸಾಕು ಎನ್ನಲಿಲ್ಲ. ಕೊನೆಗೆ ವಾಪಸ್ ತರಲು ಏನೂ ಉಳಿಯಲಿಲ್ಲ. ಬಾಯಿ ಪೂರ್ತಿ ಕೆನ್ನೆಗೆ ಹತ್ತಿ, ಎಡಗಣ್ಣು ಮುಚ್ಚಿಯೇ ಹೋಗಿ, ಹಾಲು ನೀರಿನ ಕಳಶ ಹಿಡಿದ ಒಬ್ಬ ಮನುಷ್ಯ ಲೋಕವೇ ತನ್ನದು ಎಂಬ ಹಾಗೆ ನಗುತ್ತಾ ನಿಂತಿದ್ದ.

"ನಿಮ್ಮಣ್ಣ ಇಲ್ಲಿಗೆ ಬಂದಿದ್ದರು" ಎಂದೆ.

"ಬೈದ್ನಾ?"

"ಬೈದರು. ಆದರೆ ನೀವು ನಗ್ತಾ ಇದ್ದೀರಿ ಅಂತ ಮೊದಲು ಕಂಡುಹಿಡಿದವರು ಅವರೇ. ನನಗೂ ಗೊತ್ತಾಗಿರಲಿಲ್ಲ."

ಗೌಡರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆ ಅಣ್ಣ ತಮ್ಮ ಆಮೇಲೆ ಮಾತಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಸ್ಟುಡಿಯೊದವರಿಗೆ ಎಲ್ಲರ ಮನೆಯ ಕಥೆಯೂ ಅರ್ಧವೇ ಸಿಗುವುದು.

ಸವಿತ ಅಪ್ಪನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. "ಅಪ್ಪೋ, ಅವತ್ತು ಬೆಳಗ್ಗಿಂದ ಸಂಜೆ ಗಂಟ ಇಂಗೇ ನಗ್ತಿದ್ದೆ ಕಣಪ್ಪ. ನಾನೂ ಅವ್ವಾನೂ ನಿನ್ನೇ ನೋಡ್ತಿದ್ದೋ. ಬಾಯಿ ಇಂಗಾದಾಗ್ಲಿಂದ ಒಂದ್ ದಿನಾನೂ ನಕ್ಕಿರ್ನಿಲ್ಲ ನೀನು. ಅವತ್ತು ಯಾಕಪ್ಪ ಅಷ್ಟೊಂದ್ ನಗ್ತಿದ್ದೆ?"

"ಇನ್ನೇನವ್ವ ಮತ್ತೆ," ಎಂದರು ಗೌಡರು, ಅದೇನು ಕೇಳುವ ಮಾತೇ ಎಂಬಂತೆ. "ಬಾಯಿ ವಿಚಾರ ಮೇಡಮ್ಮೋರು ನೋಡ್ಕತರೆ ಅಂತ ಆಗಿತ್ತಲ್ಲ. ಅದ್ರ ಚಿಂತೆ ಇರ್ನಿಲ್ಲ. ಅದ್ಕೇ ನಕ್ಕೆ."

ಆಲ್ಬಮ್ಮಿನ ಫೋಟೋಗಳನ್ನೆಲ್ಲ ಇದ್ದದ್ದು ಇದ್ದ ಹಾಗೆ ಮತ್ತೆ ಹಾಕಿಸಿಕೊಟ್ಟೆವು. ಅವರು ಹೋದ ಮೇಲೆ ಸಾಹೇಬರು ಚಹಾ ತರಿಸಿ, ಒಂದು ಗ್ಲಾಸು ನನ್ನ ಮುಂದಿಟ್ಟರು.

"ಮೇಡಂ, ನಾಳೆ ಕೆ.ಆರ್. ನಗರದ ಪಾರ್ಟಿ ಬರ್ತಿದೆ. ಹುಡುಗನಿಗೆ ಹಲ್ಲು ಸ್ವಲ್ಪ ಮುಂದೆ. ಹೆಣ್ಣಿನ ಮನೆಗೆ ಕಳ್ಸೋ ಫೋಟೋ, ಬಾಯಿನೇ ತೆಗೆಯಲ್ವಂತೆ. ಅವರಿಗೆ ಈಗ ಏನು ಹೇಳ್ಲಿ?"

"ಮೊದಲು ಹೇಳ್ತಿದ್ದದ್ದೇ ಹೇಳಿ. ಆರಾಮಾಗಿರು, ಹಲ್ಲು ನಮಗೆ ಬಿ‌ಡು, ಮೇಡಂ ಸರಿ ಮಾಡ್ತಾರೆ ಅಂತ."

"ಮತ್ತೆ ನೀವು ಮಾಡ್ತೀರಾ?"

"ಮೊದಲು ಏನೂ ಮುಟ್ಟದ ಪ್ರಿಂಟ್ ಕೊಡೋಣ. ಹಲ್ಲು ಸರಿ ಆಗಿಲ್ಲ ಅಂತ ವಾಪಸ್ ಬಂದ್ರೆ ಆಗ ಕಂಪ್ಯೂಟರ್ ಆನ್ ಮಾಡ್ತೀನಿ."

ಹುಡುಗ ಹಲ್ಲು ಬಿಟ್ಟು ನಗುತ್ತಾ ಫೋಟೋ ತೆಗೆಸಿಕೊಂಡು ಹೋದ, ಪ್ರಿಂಟ್ ತೆಗೆದುಕೊಂಡು ಹೋದ. ಮತ್ತೆ ಬಂದದ್ದು ಅವನ ಮದುವೆಯ ಆರ್ಡರ್ ಕೊಡಲು.